ಮಲ್ಲಿಗೆ ತೋಟದ ಚಿಮಿಣಿ ಎಣ್ಣೆ ಎಂಜಿನ್

ನನ್ನ ಗಂಡ ಮಣಿಪಾಲದಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಈ ಮಾತನ್ನು ನಮ್ಮ ಊರಿನಲ್ಲಿ ಯಾರಿಗಾದರೂ ಅರ್ಥ ಮಾಡಿಸುವುದು ಸುಲಭವಿರಲಿಲ್ಲ. ಹುಲ್ಲನ್ನು ಕತ್ತಿಯಿಂದ ಕೊಯ್ದು, ಹೊರೆ ಕಟ್ಟಿ, ದನಕ್ಕೆ ಹಾಕುವುದಷ್ಟೇ ನಮಗೆ ಗೊತ್ತಿದ್ದದ್ದು. ದೊಡ್ಡ ಕಟ್ಟಡಗಳ ಎದುರು ಹುಲ್ಲು ಬೆಳೆಸಿ, ಅದು ಬೆರಳುದ್ದ ಆಗುವಷ್ಟರಲ್ಲಿ ಪೆಟ್ರೋಲ್ ಮಿಶಿನ್ ಓಡಿಸಿ ಕತ್ತರಿಸಿ, ಕತ್ತರಿಸಿದ್ದನ್ನು ಗುಡಿಸಿ ಬಿಸಾಡುತ್ತಾರೆ ಎಂದರೆ ಯಾರು ನಂಬುತ್ತಾರೆ? ಅತ್ತೆಯಂತೂ ನಂಬಲೇ ಇಲ್ಲ.

"ಅಷ್ಟು ದೊಡ್ಡ ಜಾಗದಲ್ಲಿ ಎರಡು ದನ ಕಟ್ಟಿದ್ದರೆ ಆಗುತ್ತಿರಲಿಲ್ವಾ?" ಎಂದು ಅವರು ಮಗನನ್ನು ಕೇಳುತ್ತಿದ್ದರು. "ಪೆಟ್ರೋಲೂ ಬೇಡ, ಹಾಲೂ ಸಿಗುತ್ತಿತ್ತು."

"ದನ ಕಟ್ಟಿದರೆ ನನ್ನ ಕೆಲಸ ಹೋಗುತ್ತದೆ ಅಮ್ಮಾ."

"ಸೆಗಣಿ ಬಾಚುವ ಕೆಲಸ ಕೊಟ್ಟಾರು, ಹೆದರಬೇಡ."

ಮನೆಯಲ್ಲಿ ನಾವು ಆಡುತ್ತಿದ್ದದ್ದೆಲ್ಲ ತುಳುವಿನಲ್ಲಿ. ಬರೆಯುವಾಗ ಅದು ಕನ್ನಡವಾಗಿದೆ.

ಆ ಹುಲ್ಲಿನ ಮಿಶಿನ್‌ನಿಂದಾಗಿಯೇ ನಮ್ಮ ಮನೆಗೆ ಎಂಜಿನ್ ಬಂತು. ನಮ್ಮದು ಕಾಪುವಿನಿಂದ ಮೂಡು ದಿಕ್ಕಿಗೆ, ಗುಡ್ಡೆಯ ಬುಡದಲ್ಲಿ ಒಂದು ಚಿಕ್ಕ ಮನೆ. ಮನೆಯ ಕೆಳಗೆ ಮಲ್ಲಿಗೆ ತೋಟ, ತೋಟದ ತಗ್ಗಿನಲ್ಲಿ ಬಾವಿ. ಮಲ್ಲಿಗೆ ಹೆಚ್ಚು ಹೂ ಬಿಡುವುದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿಯೇ ಅದಕ್ಕೆ ನೀರು ಬೇಕು. ಕರೆಂಟು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ನಾನೂ ಅತ್ತೆಯೂ ಕೊಡಪಾನದಲ್ಲಿ ನೀರೆಳೆದು ಬುಡ ಬುಡಕ್ಕೆ ಹೊಯ್ಯುತ್ತಿದ್ದೆವು. ಮಣಿಪಾಲದಲ್ಲಿ ಮಿಶಿನ್ ಬಿಚ್ಚಿ ಕಟ್ಟುವುದನ್ನು ಕಲಿತ ಮೇಲೆ ಇವರಿಗೆ ಧೈರ್ಯ ಬಂತು. ಉಡುಪಿಯಲ್ಲಿ ಯಾರೋ ಕೊಡುವುದಕ್ಕಿದ್ದ ಹಳೆಯ ಪಂಪಿನ ಎಂಜಿನ್ ಒಂದನ್ನು ಗಾಡಿಯಲ್ಲಿ ಹೊರಿಸಿ ತಂದರು. ಅದರ ಮೇಲೆ ಎರಡು ಟಾಂಕಿಗಳು. ಚಿಕ್ಕದರಲ್ಲಿ ಪೆಟ್ರೋಲ್, ದೊಡ್ಡದರಲ್ಲಿ ಸೀಮೆಎಣ್ಣೆ. ನಾವು ಅದಕ್ಕೆ ಚಿಮಿಣಿ ಎಣ್ಣೆ ಎನ್ನುವುದು. ಚಕ್ರಕ್ಕೆ ಹಗ್ಗ ಸುತ್ತಿ ಎಳೆದು ಪೆಟ್ರೋಲಿನಲ್ಲಿ ಶುರು ಮಾಡಬೇಕು, ಮೈ ಬಿಸಿಯಾದ ಮೇಲೆ ಟಾಂಕಿಯ ಕೆಳಗಿನ ಚಾವಿ ತಿರುಗಿಸಿ ಚಿಮಿಣಿ ಎಣ್ಣೆಗೆ ಬಿಡಬೇಕು.

ನಾನು ಓದಿದ್ದು ಏಳನೆಯ ತರಗತಿ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡ ಕಬ್ಬಿಣ ನೀರು ಎಳೆಯುವುದು ಹೇಗೆ ಎಂದು ನನಗೆ ತಿಳಿಯಬೇಕಿತ್ತು. ಭಾನುವಾರ ಇವರು ಅದರ ಸೇವೆಗೆ ಕೂತರೆ ನಾನು ಹೂ ಕಟ್ಟುವ ಬಾಳೆನಾರನ್ನು ತೆಗೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಪ್ಲಗ್ ಬಿಚ್ಚಿ ಅದರ ತುದಿಯ ಕಪ್ಪನ್ನು ಮರಳು ಕಾಗದದಲ್ಲಿ ತಿಕ್ಕುತ್ತಿದ್ದರು. ಗಾಳಿ ಸೋಸುವ ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎರಡು ಹನಿ ಆಯಿಲ್ ಹಾಕಿ ಹಿಂಡುತ್ತಿದ್ದರು. ಟಾಂಕಿಯ ಕೆಳಗಿನ ಪುಟ್ಟ ಗಾಜಿನ ಬಟ್ಟಲನ್ನು ಕಳಚಿ ತೋರಿಸುವರು. ತಳದಲ್ಲಿ ಒಂದು ಚಿಟಿಕೆ ಕೆಂಪು ಕಸ. ಹೊಟ್ಟೆಯ ಆಯಿಲನ್ನು ಕಡ್ಡಿ ಅದ್ದಿ ನೋಡುವರು, ನಮ್ಮ ಊರಿನ ಪಂಡಿತರು ನಾಲಿಗೆ ನೋಡುವ ಹಾಗೆ.

"ಬೆಂಕಿ ಎಲ್ಲಿ ಉಂಟು ಇದರೊಳಗೆ?" ಎಂದು ನಾನು ಒಂದು ದಿನ ಕೇಳಿದೆ.

ಅವರು ಬಿಚ್ಚಿದ ಪ್ಲಗ್ಗಿಗೆ ವಯರ್ ಸಿಕ್ಕಿಸಿ, ಅದನ್ನು ಎಂಜಿನ್‌ನ ಮೈಗೆ ತಾಗಿಸಿ ಇಟ್ಟು, "ಬಗ್ಗಿ ನೋಡು" ಎಂದರು. ಹಗ್ಗ ಎಳೆದರು. ಪ್ಲಗ್ಗಿನ ಬಾಯಿಯಲ್ಲಿ ನೀಲಿಯ ಒಂದು ಚುಕ್ಕೆ ಹಾರಿತು, ಹೋಯಿತು.

"ಇಷ್ಟೇನಾ?"

"ಇಷ್ಟೇ. ಇಷ್ಟು ಬೆಂಕಿ, ಇಷ್ಟು ಎಣ್ಣೆ, ಇಷ್ಟು ಗಾಳಿ. ಯಾವುದೊಂದು ತಪ್ಪಿದರೂ ಇದು ಕಲ್ಲು."

ಇನ್ನೊಮ್ಮೆ ಎಳೆಯಿರಿ ಎಂದೆ. ಎಳೆದರು. ಮತ್ತೂ ಒಮ್ಮೆ ಎಂದೆ. ಜಗಲಿಯಿಂದ ಅತ್ತೆ ಕೂಗಿದರು: "ಎಂತ, ಗಂಡ ಹೆಂಡತಿ ಪಟಾಕಿ ಹೊಡೆಯುವುದಾ?"

ಮಳೆಗಾಲ ಶುರುವಾಗುವ ಹೊತ್ತಿಗೆ ಎಂಜಿನ್‌ಗೆ ವಿಶ್ರಾಂತಿ. ಎರಡೂ ಟಾಂಕಿ ಖಾಲಿ ಮಾಡಿ, ಪ್ಲಗ್ಗಿನ ತೂತಿನಿಂದ ಒಳಗೆ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆದು ಆಯಿಲ್ ಎಲ್ಲ ಕಡೆ ಹರಡುವಂತೆ ಮಾಡಿ, ಪ್ಲಗ್ ಮುಚ್ಚುತ್ತಿದ್ದರು. ಕಣಜದ ಹುಳ ಮಣ್ಣಿನ ಗೂಡು ಕಟ್ಟದಿರಲಿ ಎಂದು ಹೊಗೆ ಕೊಳವೆಗೆ ಹಳೆಯ ಬನಿಯನ್ ತುರುಕಿ, ಗೋಣಿ ಹೊದೆಸಿ, ಕೊಟ್ಟಿಗೆಯ ಒಣ ಮೂಲೆಯಲ್ಲಿ ಇಡುತ್ತಿದ್ದರು.

ಎಂಬತ್ತರ ದಶಕದ ಆರಂಭದ ಒಂದು ವರ್ಷ ಹಾಗೆಯೇ ಎಲ್ಲವನ್ನೂ ಮಾಡಿ ಇಟ್ಟರು. ಮಳೆ ಜೋರಾದ ಆಟಿ ತಿಂಗಳಿನಲ್ಲಿ ಅವರಿಗೆ ಕಾಮಾಲೆ ಬಂತು. ಮದ್ದು, ಪಥ್ಯ, ಆಸ್ಪತ್ರೆ ಎಲ್ಲ ಆಯಿತು. ಮುಂದಿನ ಸೋಣ ತಿಂಗಳು ಹುಟ್ಟುವ ಮೊದಲೇ ಹೋಗಿಬಿಟ್ಟರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಂದಿಗೂ ಬರುವುದಿಲ್ಲ.

ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಮಣಿಪಾಲದ ಸಂಬಳ ನಿಂತ ಮೇಲೆ ಮಲ್ಲಿಗೆಯೊಂದೇ ದಾರಿ. ಚಳಿ ಬೀಳುವ ಹೊತ್ತಿಗೆ ಅತ್ತೆಯ ಅಳಿಯ, ಎಂದರೆ ನನ್ನ ಗಂಡನ ಅಕ್ಕನ ಗಂಡ, ಕಾರ್ಕಳದಿಂದ ಬಂದರು. ಒಳ್ಳೆಯ ಮನುಷ್ಯ. ಹನ್ನೆರಡನೆಯ ದಿನದವರೆಗೂ ನಿಂತು ಎಲ್ಲ ಕೆಲಸ ನಡೆಸಿಕೊಟ್ಟವರು. ಜಗಲಿಯಲ್ಲಿ ಕೂತು ಯೋಚಿಸಿಯೇ ಮಾತಾಡಿದರು.

"ಇಬ್ಬರು ಹೆಂಗಸರು ಈ ತೋಟ ಮಾಡುವುದು ಆಗುವ ಮಾತಲ್ಲ. ಅತ್ತೆ ನಮ್ಮಲ್ಲಿಗೆ ಬರಲಿ, ಮಗಳ ಮನೆ ಉಂಟಲ್ಲ. ನೀನು ಹೆಜಮಾಡಿಗೆ ಅಣ್ಣನಲ್ಲಿಗೆ ಹೋಗು. ಎಂಜಿನ್ ಇಲ್ಲಿ ತುಕ್ಕು ಹಿಡಿಯುವುದಕ್ಕಿಂತ ನನ್ನ ತರಕಾರಿ ಗದ್ದೆಗೆ ಆಗುತ್ತದೆ."

"ಎಂಜಿನ್ ನಾನು ಓಡಿಸುತ್ತೇನೆ ಭಾವ," ಎಂದೆ.

"ಸೀರೆ ಉಟ್ಟುಕೊಂಡು ಹಗ್ಗ ಎಳೆಯುವುದು ಉಂಟಾ?"

ಅತ್ತೆ ಬಾಯಿ ತೆರೆದರು. "ಬಾವಿಯ ಹಗ್ಗ ಇಷ್ಟು ವರ್ಷ ಎಳೆದದ್ದು ಯಾರು? ನೀವಾ?"

ಭಾವ ನಕ್ಕರು. "ಸರಿ. ಮಕರ ಸಂಕ್ರಮಣ ಕಳೆದ ಮೇಲೆ ಜೀಪು ತರುತ್ತೇನೆ. ಅಷ್ಟರಲ್ಲಿ ಇದು ಓಡಿ ತೋಟಕ್ಕೆ ನೀರು ಬಿದ್ದರೆ ನಾನು ಎಂತದೂ ಹೇಳುವುದಿಲ್ಲ. ಓಡದಿದ್ದರೆ ನೀವಿಬ್ಬರೂ ನನ್ನ ಮಾತು ಕೇಳಬೇಕು."

ಹಾಗೆ ಮಾತಾಯಿತು. ಅತ್ತೆ ಕಾರ್ಕಳಕ್ಕೆ, ನಾನು ಹೆಜಮಾಡಿಗೆ. ಮದುವೆಯಾಗಿ ಬಂದ ದಿನದಿಂದ ನಾನು ಅತ್ತೆಯ ಜೊತೆ ಜಗಳವಾಡದ ವಾರವಿರಲಿಲ್ಲ. ಅವರಿಲ್ಲದೆ ಇರುವುದನ್ನು ಯೋಚಿಸಿಯೂ ಇರಲಿಲ್ಲ.

ಮರುದಿನ ಗೋಣಿ ತೆಗೆದೆ. ನನ್ನ ಗಂಡ ಮುಚ್ಚಿಟ್ಟದ್ದನ್ನು ಅವರು ಮುಚ್ಚಿದ ಕ್ರಮಕ್ಕೆ ತಿರುಗಿಸಿ ಬಿಚ್ಚುತ್ತ ಹೋದೆ. ಹೊಗೆ ಕೊಳವೆಯಿಂದ ಬನಿಯನ್ ಎಳೆದು ತೆಗೆದೆ. ಪ್ಲಗ್ ಎಷ್ಟು ಬಿಗಿ ಇತ್ತೆಂದರೆ ಪಾನಾ ಹಿಡಿದು ಅದರ ಮೇಲೆ ಪಾದವಿಟ್ಟು ಒತ್ತಬೇಕಾಯಿತು. ಅವರ ಕೈಯ ಬಲ ಎಷ್ಟಿತ್ತೆಂದು ನನಗೆ ಆಗಲೇ ಗೊತ್ತಾದದ್ದು. ಪ್ಲಗ್ ತಿಕ್ಕಿದೆ, ಸ್ಪಂಜು ತೊಳೆದೆ, ಆಯಿಲ್ ಬದಲಿಸಿದೆ. ಅತ್ತೆಯ ಕೈ ಸೇರಿಸಿಕೊಂಡು ಎಂಜಿನ್ನನ್ನು ಬಾವಿಯ ಬದಿಗೆ ಇಳಿಸಿ ಎರಡೂ ಟಾಂಕಿ ತುಂಬಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಸುತ್ತಿ ಎಳೆದೆ. ಬರಲಿಲ್ಲ. ಎಳೆದೆ, ಎಳೆದೆ. ಕೈಯ ಚರ್ಮ ಕಿತ್ತು ಬರುವ ಹೊತ್ತಿಗೆ ಎಂಜಿನ್ ಒಮ್ಮೆ ಕೆಮ್ಮಿ, ದಪ್ಪನೆಯ ಬಿಳಿ ಹೊಗೆ ಬಿಟ್ಟು, ಓಡತೊಡಗಿತು. ನನಗೆ ಮೊದಲು ಹೆದರಿಕೆಯೇ ಆಯಿತು. ಆಮೇಲೆ ಹೊಳೆಯಿತು: ಅದು ಅವರು ಒಳಗೆ ಬಿಟ್ಟಿದ್ದ ಒಂದು ಚಮಚ ಆಯಿಲ್. ಹೊಗೆ ತೋಟದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತೆಳುವಾಯಿತು.

ಚಿಮಿಣಿ ಎಣ್ಣೆಗೆ ತಿರುಗಿಸಿದೆ. ನೀರು ಬಂತು. ಅತ್ತೆ ಬುಡದ ಕಟ್ಟೆ ಸರಿ ಮಾಡಲು ಹಾರೆ ಹಿಡಿದು ನಿಂತಿದ್ದರು. ಮೊದಲ ಸಾಲು ತುಂಬಿ ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಎಂಜಿನ್ ದನಿ ಇಳಿಯಿತು. ಹಸಿದವರ ಮಾತಿನ ಹಾಗೆ ಸಣ್ಣದಾಗುತ್ತ ಬಂದು ನಿಂತುಬಿಟ್ಟಿತು.

ಅಂದಿನಿಂದ ದಿನವೂ ಅದೇ. ಶುರುವಾಗುತ್ತದೆ, ಒಂದು ಸಾಲು ನೀರು ಕೊಡುತ್ತದೆ, ಸಾಯುತ್ತದೆ. ಪುನಃ ಎಳೆದು ಶುರು ಮಾಡಿದರೆ ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಓಡುವುದಿಲ್ಲ. ಗಿಡಗಳ ಎಲೆ ಮಡಿಸಿಕೊಳ್ಳತೊಡಗಿತು.

ಕಾಪು ಪೇಟೆಯಲ್ಲಿ ಆಯಿಲ್, ಪ್ಲಗ್, ವಾಷರ್ ಮಾರುವ ಒಬ್ಬ ಬ್ಯಾರಿಯವರ ಅಂಗಡಿ ಇತ್ತು. ನನ್ನ ಗಂಡ ಯಾವಾಗಲೂ ಅಲ್ಲಿಗೇ ಹೋಗುತ್ತಿದ್ದದ್ದು. ನಾನು ಹೋಗಿ ವಿಷಯ ಹೇಳಿದೆ.

"ರೇಷನ್ ಎಣ್ಣೆಯಾ ಅಕ್ಕ?" ಎಂದರು ಅವರು. "ಹಾಗಾದರೆ ಕೇಳುವುದೇ ಬೇಡ. ನೀರು ಬೆರೆತಿದೆ."

ಮನೆಗೆ ಬಂದು ಎಣ್ಣೆಯನ್ನು ಗಾಜಿನ ಬಾಟಲಿಗೆ ತುಂಬಿ ರಾತ್ರಿಯಿಡೀ ಬಿಟ್ಟೆ. ನೀರಿದ್ದರೆ ಅಡಿಗೆ ಇಳಿಯಬೇಕು. ಒಂದು ಹನಿಯೂ ಇರಲಿಲ್ಲ. ಮತ್ತೆ ಹೋಗಿ ಹೇಳಿದೆ.

"ಹಾಗಾದರೆ ಪ್ಲಗ್."

ಹೊಸ ಪ್ಲಗ್ ಹಾಕಿದೆ. ಅದೇ ಕತೆ. ಮೂರನೆಯ ಸಲ ಹೋದಾಗ ಅವರು ನನ್ನನ್ನು ನೋಡಿ ಕೈ ಮೇಲೆತ್ತಿದರು. "ಅಕ್ಕ, ನಾನು ಮಾರುವವ ಮಾತ್ರ. ಡಾಕ್ಟರ್ ನಿಮ್ಮ ಯಜಮಾನರೇ ಆಗಿದ್ದದ್ದು." ಹೇಳಿ ಆದ ಮೇಲೆ ಅವರ ಮುಖ ಸಣ್ಣದಾಯಿತು. ಒಳಗಿನಿಂದ ಚಾ ತರಿಸಿದರು. ಕುಡಿದು ಬಂದೆ.

ಸಂಕ್ರಮಣ ಹತ್ತಿರವಾಗುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಬೆಳಿಗ್ಗೆ ಏಳುವಾಗ ತಲೆಯಲ್ಲಿ ಗಂಡ ಇಲ್ಲ ಎಂಬುದು ಮೊದಲು ಬರುವ ಬದಲು, ಕೆಲವೊಮ್ಮೆ ಎಂಜಿನ್ ಯಾಕೆ ನಿಲ್ಲುತ್ತದೆ ಎಂಬುದು ಮೊದಲು ಬರುತ್ತಿತ್ತು. ಅಷ್ಟು ಹೊತ್ತು ಸಮಾಧಾನ. ಬೆಂಕಿ ಉಂಟು, ನೋಡಿದ್ದೇನೆ. ಗಾಳಿ ಉಂಟು, ಸ್ಪಂಜು ತೊಳೆದಿದ್ದೇನೆ. ಹಾಗಾದರೆ ಎಣ್ಣೆ. ಟಾಂಕಿ ತುಂಬ ಎಣ್ಣೆ ಇರುವಾಗ ಎಣ್ಣೆ ಇಲ್ಲದೆ ಸಾಯುವುದು ಹೇಗೆ?

ಎಂಜಿನ್ ನಿಂತ ಮೇಲೆ ಕೆಲವೊಮ್ಮೆ ಮಾತ್ರ ಪುನಃ ಓಡುವುದು ಯಾಕೆ ಎಂದು ಗಮನವಿಟ್ಟು ನೋಡತೊಡಗಿದೆ. ಎಣ್ಣೆ ಮುಗಿಯಿತೋ ಎಂದು ದೊಡ್ಡ ಟಾಂಕಿಯ ಮುಚ್ಚಳ ತೆರೆದು ಇಣುಕಿ, ಮುಚ್ಚಿ, ಹಗ್ಗ ಎಳೆದರೆ ಓಡುತ್ತದೆ. ಇಣುಕದೆ ಎಳೆದರೆ ಓಡುವುದಿಲ್ಲ. ನನ್ನ ಕಣ್ಣಿನಲ್ಲಿ ಏನೋ ಶಕ್ತಿ ಇದ್ದ ಹಾಗೆ! ಅತ್ತೆಗೆ ಹೇಳಿದರೆ, "ಹಾಗಾದರೆ ಅಲ್ಲೇ ಕೂತು ನೋಡುತ್ತಾ ಇರು, ನಿನಗೆ ಬೇರೆ ಕೆಲಸ ಎಂತ ಉಂಟು" ಎಂದರು.

ಮರುದಿನ ಅದು ನಿಂತ ಕೂಡಲೇ, ಬೇರೆ ಯಾವ ಸದ್ದೂ ಇಲ್ಲದಾಗ, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ. ಸುಯ್ ಎಂದು ಒಂದು ಸಣ್ಣ ಸದ್ದು. ಹೊರಗಿನ ಗಾಳಿಯನ್ನು ಟಾಂಕಿ ಒಳಗೆ ಎಳೆದುಕೊಂಡ ಸದ್ದು.

ನಾನು ಹಾಗೆಯೇ ಮನೆಯೊಳಗೆ ಹೋಗಿ ತೆಂಗಿನೆಣ್ಣೆಯ ತಗಡಿನ ಡಬ್ಬಿಯನ್ನು ನೋಡಿದೆ. ಡಬ್ಬಿ ಒಡೆಯುವಾಗ ನಾವು ಮೊಳೆಯಿಂದ ಎರಡು ತೂತು ಹೊಡೆಯುತ್ತೇವೆ, ಆಚೆ ಒಂದು, ಈಚೆ ಒಂದು. ಒಂದೇ ತೂತು ಹೊಡೆದರೆ ಎಣ್ಣೆ ಗುಳುಕ್ ಗುಳುಕ್ ಎಂದು ನಾಲ್ಕು ಹನಿ ಬಿದ್ದು ನಿಂತುಬಿಡುತ್ತದೆ. ಇದು ಗೊತ್ತಿಲ್ಲದ ಹೆಂಗಸು ನಮ್ಮಲ್ಲಿ ಯಾರೂ ಇಲ್ಲ. ಎಂಜಿನ್‌ನ ಟಾಂಕಿಗೆ ಕೆಳಗೆ ಒಂದು ತೂತು ಉಂಟು, ಎಣ್ಣೆ ಇಳಿಯುವುದಕ್ಕೆ. ಮೇಲಿನದು ಎಲ್ಲಿ?

ಓಡಿ ಹೋಗಿ ಪೆಟ್ರೋಲಿನ ಚಿಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿದೆ. ನಡುವಿನಲ್ಲಿ ಸೂಜಿ ಮೊನೆಯಷ್ಟು ಬೆಳಕು ಕಂಡಿತು. ಚಿಮಿಣಿ ಎಣ್ಣೆಯ ಮುಚ್ಚಳವನ್ನು ಹಿಡಿದೆ. ಬೆಳಕಿಲ್ಲ. ಉಗುರಿನಿಂದ ಕೆರೆದರೆ ಒಂದು ತಗ್ಗು, ತಗ್ಗಿನಲ್ಲಿ ಗಟ್ಟಿಯಾಗಿ ಒಣಗಿದ ಏನೋ ಒಂದು, ಹಳದಿ ಮಿಶ್ರಿತ ಬಿಳಿ, ನಡುವೆ ಒಂದಿಷ್ಟು ಕೆಂಪು. ಸೇಫ್ಟಿ ಪಿನ್ನಿನಿಂದ ಕಿತ್ತು ಅಂಗೈ ಮೇಲೆ ಹಾಕಿಕೊಂಡು ಮೂಸಿದೆ. ಚಿಮಿಣಿ ಎಣ್ಣೆಯ ವಾಸನೆಯ ಕೆಳಗೆ, ತುಂಬಾ ತೆಳುವಾಗಿ, ಗಂಧ.

ಆ ವರ್ಷ ಸೂತಕದ ಮನೆ ಎಂದು ನಮ್ಮಲ್ಲಿ ಯಾವ ಹಬ್ಬವೂ ಇರಲಿಲ್ಲ. ಆಯುಧ ಪೂಜೆಯೂ ಇಲ್ಲ. ಅಂಗೈ ಹಾಗೆಯೇ ಹಿಡಿದುಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಬಸಳೆ ಚಪ್ಪರದ ಕೆಳಗೆ ಕೂತು ಮಾಗಿದ ಎಲೆ ಕೀಳುತ್ತಿದ್ದರು.

"ಇದು ಎಂತ?"

ಅವರು ನೋಡಿದರು. ತಲೆ ತಗ್ಗಿಸಿದರು. "ಹಬ್ಬ ಮಾಡಲಿಲ್ಲ. ಗಂಧ, ಕುಂಕುಮ ಮಾತ್ರ ಇಟ್ಟೆ. ಅವನ ಎಂಜಿನ್‌ಗೆ ಒಂದು ವರ್ಷ ತಪ್ಪಿಸಬಾರದು ಅಂತ ಕಂಡಿತು. ನೀನು ಹೂ ಕೊಡಲಿಕ್ಕೆ ಹೋಗಿದ್ದೆ."

"ಮುಚ್ಚಳದ ಮೇಲೆಯೇ ಇಟ್ಟಿರಾ?"

"ಮತ್ತೆ? ಹಣೆಗೇ ಅಲ್ವಾ ಇಡುವುದು? ಪ್ರತಿ ವರ್ಷ ನಾನೇ ಇಡುವುದು, ಅಲ್ಲಿಯೇ ಇಡುವುದು."

"ಅಲ್ಲಿ ಅದರ ಮೂಗು ಉಂಟು ಅತ್ತೆ. ನೀವು ಮೂಗು ಮುಚ್ಚಿದ್ದೀರಿ."

ಅವರು ಎಲೆ ಕೆಳಗಿಟ್ಟರು. "ಇಷ್ಟು ವರ್ಷ ಓಡಿತಲ್ಲ?"

ಅದು ನನಗೂ ಹೊಳೆದಿರಲಿಲ್ಲ. ಮುಚ್ಚಳವನ್ನು ಇಬ್ಬರೂ ಬಿಸಿಲಿಗೆ ಹಿಡಿದು ನೋಡಿದೆವು. ತೂತಿನ ಸುತ್ತ ಸಣ್ಣ ಸಣ್ಣ ಗೀರುಗಳು. ನನ್ನ ಪಿನ್ನಿನದು ಒಂದು, ಹೊಳೆಯುತ್ತಿತ್ತು. ಉಳಿದವೆಲ್ಲ ಹಳೆಯವು, ಕಪ್ಪಾದವು, ಒಂದರ ಮೇಲೊಂದು. ಯಾರೋ ಪ್ರತಿ ವರ್ಷ ಕೂತು, ಮೊನಚಾದ ಯಾವುದರಿಂದಲೋ ಅಲ್ಲಿಯೇ ಕೆರೆದಿದ್ದರು.

"ನನಗೆ ಹೇಳಲಿಲ್ಲ ಅವನು," ಎಂದರು ಅತ್ತೆ.

"ನನಗೂ ಹೇಳಲಿಲ್ಲ."

ಆಯಿಲ್, ಸ್ಪಂಜು, ಪ್ಲಗ್, ಗಾಜಿನ ಬಟ್ಟಲು ಎಲ್ಲ ತೋರಿಸಿದವರು ಇದೊಂದನ್ನು ಮಾತ್ರ ಒಬ್ಬರೇ ಮಾಡಿ ಮುಗಿಸುತ್ತಿದ್ದರು. ನಾನು ಯಾವ ಹೊತ್ತಿನಲ್ಲಿ ಒಳಗೆ ಹೋಗಿರುತ್ತಿದ್ದೆನೋ, ಅತ್ತೆ ಎಲ್ಲಿರುತ್ತಿದ್ದರೋ.

ಅತ್ತೆ ಸ್ವಲ್ಪ ಹೊತ್ತು ಆ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಒಮ್ಮೆಲೇ ನಗು ಬಂತು ಅವರಿಗೆ. ಆಟಿಯ ನಂತರ ಅವರು ನಕ್ಕದ್ದು ಅದೇ ಮೊದಲು. "ಹೇಳಿದ್ದರೆ ನಾನು ಬಿಡುತ್ತಿದ್ದೆನಾ? ದೇವರ ಗಂಧ ಕೆರೆಯುತ್ತೀಯಾ ಅಂತ ಊರೆಲ್ಲ ಕೇಳುವ ಹಾಗೆ ಬೈಯುತ್ತಿದ್ದೆ. ಕಳ್ಳ! ಗೊತ್ತಿತ್ತು ಅವನಿಗೆ." ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಮುಚ್ಚಳ ತೆಗೆದುಕೊಂಡು ತೋಟಕ್ಕೆ ಇಳಿದೆ. ಅಲ್ಲಿಯೇ ನಿಂತರೆ ಇಬ್ಬರಿಗೂ ಕಷ್ಟ.

ಭಾವ ಹೇಳಿದ ಮಾತಿನಂತೆ ಸಂಕ್ರಮಣ ಕಳೆದು ಜೀಪು ತಂದರು. ಹಿಂದಿನ ಸೀಟು ಮಡಚಿ, ಎಂಜಿನ್ ಕಟ್ಟಲು ದಪ್ಪ ಹಗ್ಗ, ಅಡಿಗೆ ಹಾಸಲು ಗೋಣಿ ಎಲ್ಲ ಇಟ್ಟುಕೊಂಡೇ ಬಂದಿದ್ದರು. ಕಾಪು ಪೇಟೆಯಲ್ಲಿ ಅವರಿಗೆ ಸುದ್ದಿ ಸಿಕ್ಕಿತ್ತಂತೆ, ಎಂಜಿನ್ ಒಂದು ಸಾಲು ಓಡಿ ನಿಲ್ಲುತ್ತದೆ ಎಂದು. ಅವರು ಬರುವಾಗ ನಾನು ಆಗತಾನೇ ಶುರು ಮಾಡಿ ಚಿಮಿಣಿ ಎಣ್ಣೆಗೆ ತಿರುಗಿಸಿದ್ದೆ.

"ಓಡಲಿ ಓಡಲಿ," ಎಂದು ಜಗಲಿಯಲ್ಲಿ ಕೂತರು. "ನಿಂತ ಮೇಲೆ ಎತ್ತುವ."

ಅತ್ತೆ ಬೆಲ್ಲ, ನೀರು ಕೊಟ್ಟರು. ಆಮೇಲೆ ಚಾ ಕೊಟ್ಟರು. ನಾನು ತೋಟದಲ್ಲಿ ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದೆ, ಕಿವಿ ಮಾತ್ರ ಎಂಜಿನ್ ಮೇಲೆ. ಮುಚ್ಚಳದ ತೂತು ಬಿಡಿಸಿದ ಮೇಲೆ ಅದು ದಿನವೂ ಸರಿಯಾಗಿ ಓಡಿತ್ತು. ಆದರೂ ಆ ದಿನ, ಅವರು ನೋಡುತ್ತಿರುವಾಗ, ಬೇಕೆಂದೇ ನಿಂತರೆ? ಭಾವ ಚಾ ಮುಗಿಸಿದರು, ವೀಳ್ಯ ಹಾಕಿದರು, ಎದ್ದು ಹೋಗಿ ಉಗಿದು ಬಂದರು. ಎಂಜಿನ್ ಓಡುತ್ತಿತ್ತು. ಕೊನೆಗೆ ಅವರೇ ತೋಟಕ್ಕೆ ಇಳಿದು ಬಂದು, ಅದರ ಸುತ್ತ ಒಂದು ಸುತ್ತು ಬಂದು, ನನ್ನ ಕಿವಿಯ ಹತ್ತಿರ ಜೋರಾಗಿ ಕೇಳಿದರು.

"ಎಂತ ಆಗಿತ್ತು ಇದಕ್ಕೆ?"

ನಾನು ಅತ್ತೆಯ ಮುಖ ನೋಡಿದೆ. ಅವರು ಅಳಿಯನ ಹಿಂದೆಯೇ ಬಂದಿದ್ದರು. ಯಾವ ಉತ್ತರ ಕೊಡಲಿ ಎಂದು ನಾನು ಹುಡುಕುತ್ತಿರುವಾಗ ಅವರೇ ಹೇಳಿಬಿಟ್ಟರು:

"ನಾನು ಗಂಧ ಇಟ್ಟು ಮೂಗು ಕಟ್ಟಿಸಿದ್ದೆ. ಇವಳು ಬಿಡಿಸಿದಳು. ನಿಮ್ಮ ಜೀಪಿಗೂ ನನ್ನ ಮಗಳು ಗಂಧ ಇಡುತ್ತಾಳಲ್ಲ? ಒಮ್ಮೆ ಮುಚ್ಚಳ ನೋಡಿಕೊಳ್ಳಿ."

ಭಾವನಿಗೆ ಅರ್ಥವಾಯಿತೋ ಇಲ್ಲವೋ. ಜೀಪಿನ ಹತ್ತಿರ ಹೋಗಿ ಪೆಟ್ರೋಲಿನ ಮುಚ್ಚಳ ತೆರೆದು ಮೇಲೆ ಕೆಳಗೆ ನೋಡಿದ್ದನ್ನು ಮಾತ್ರ ನಾನು ಕಂಡೆ. ತಿರುಗಿ ಬಂದು ಕೇಳಿದರು: "ಮುಂದಿನ ಬೇಸಿಗೆಗೂ ನಿಮ್ಮಿಂದ ಆಗುತ್ತದಾ?"

"ಈ ಬೇಸಿಗೆ ಮೊದಲು ಆಗಲಿ ಭಾವ."

ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ದಪ್ಪ ಹಗ್ಗವನ್ನು ಸುತ್ತಿ ಸೀಟಿನ ಅಡಿಗೆ ಹಾಕಿದರು. ಅಷ್ಟರಲ್ಲಿ ಅತ್ತೆ ಚಪ್ಪರದಿಂದ ಬಸಳೆಯ ದೊಡ್ಡ ಕಟ್ಟು ಹಿಡಿದು ಬಂದರು.

"ಜೀಪು ಖಾಲಿ ಹೋಗುವುದು ಬೇಡ. ಮಗಳಿಗೆ ಹೇಳಿ, ಅಮ್ಮ ಸದ್ಯ ಬರುವುದಿಲ್ಲ, ಬಸಳೆ ಬಂದಿದೆ ಅಂತ."

ಎಂಜಿನ್‌ಗೆ ಹಾಸಿದ್ದ ಗೋಣಿಯ ಮೇಲೆ ಬಸಳೆ ಕೂತಿತು. ಭಾವ ಜೀಪು ಹತ್ತಿ, ತಲೆ ಹೊರಗೆ ಹಾಕಿ ನನಗೆ ಏನೋ ಹೇಳಿದರು. ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿ ಹೋದರು. ಬಾವಿಯ ಹತ್ತಿರದ ಸಾಲು ತುಂಬಿ ನೀರು ದಾರಿಗೆ ಹರಿಯತೊಡಗಿತ್ತು. ಹಾರೆ ತೆಗೆದುಕೊಂಡು ಓಡಿದೆ.